ಕಪ್ಪು ಪೆಟ್ಟಿಗೆಗೆ ಅಳತೆ ಬಂದದ್ದು ಹೇಗೆ?

ಕಾರಿನ ಬ್ಯಾಟರಿ ಹಾಳಾಗಿ ಹೊಸದನ್ನು ಕೊಳ್ಳಲು ಅಂಗಡಿಗೆ ಹೋಗುವವರು ಸಾಮಾನ್ಯವಾಗಿ ಎರಡು ಪ್ರಶ್ನೆ ಕೇಳುತ್ತಾರೆ. ಯಾವ ಕಂಪನಿಯದು ಒಳ್ಳೆಯದು? ಎಷ್ಟು ವರ್ಷ ಗ್ಯಾರಂಟಿ? ಅಂಗಡಿಯವರು ಮೊದಲು ಕೇಳುವ ಪ್ರಶ್ನೆಯೇ ಬೇರೆ: ‘ಗಾಡಿ ಯಾವುದು ಸಾರ್? ಪೆಟ್ರೋಲೋ, ಡೀಸೆಲ್ಲೋ?’ ಉತ್ತರ ಸಿಕ್ಕ ಮೇಲೆ ಗೋಡೆಯ ಮೇಲಿನ ಪಟ್ಟಿಯಲ್ಲಿ ಬೆರಳಾಡಿಸಿ ‘38ಬಿ20ಎಲ್’ ಎಂದೋ ‘ಡಿನ್ 50’ ಎಂದೋ ಒಳಗಿನ ಹುಡುಗನಿಗೆ ಕೂಗಿ ಹೇಳುತ್ತಾರೆ. ಗ್ರಾಹಕನ ಕಿವಿಗೆ ಅದು ಅರ್ಥವಾಗದ ಮಂತ್ರ.

ಆದರೆ ಆ ನಾಲ್ಕಾರು ಅಂಕಿ ಅಕ್ಷರಗಳಲ್ಲಿ ಪೆಟ್ಟಿಗೆಯ ಉದ್ದ, ಅಗಲ, ಎತ್ತರ, ಅದರ ಶಕ್ತಿ, ಪ್ಲಸ್ ತುದಿ ಯಾವ ಕಡೆಗಿದೆ ಎಂಬ ವಿವರಗಳು ಅಡಗಿವೆ. ಅವುಗಳ ಹಿಂದೆ ನೂರು ವರ್ಷಕ್ಕೂ ಮೀರಿದ ಇತಿಹಾಸವಿದೆ. ಒಂದು ಕಾರಿನ ಬ್ಯಾಟರಿ ಇನ್ನೊಂದು ಕಾರಿಗೆ ಏಕೆ ಕೂರುವುದಿಲ್ಲ, ‘ಸ್ವಲ್ಪ ದೊಡ್ಡದನ್ನೇ ಹಾಕಿಸಿಬಿಡಿ’ ಎಂಬ ಸಲಹೆ ಏಕೆ ಯಾವಾಗಲೂ ಸರಿಯಲ್ಲ ಎಂಬುದು ತಿಳಿಯಬೇಕಾದರೆ ಆ ಇತಿಹಾಸವನ್ನು ಒಮ್ಮೆ ನೋಡಬೇಕು.

ಹ್ಯಾಂಡಲ್ ಹಾಕುತ್ತಿದ್ದ ಕಾಲ

ಸೀಸದ ಫಲಕಗಳನ್ನು ಗಂಧಕಾಮ್ಲದಲ್ಲಿ ಮುಳುಗಿಸಿ ವಿದ್ಯುತ್ತನ್ನು ಕೂಡಿಡಬಹುದು, ಬೇಕಾದಾಗ ಬಳಸಬಹುದು, ಖಾಲಿಯಾದರೆ ಮತ್ತೆ ತುಂಬಬಹುದು ಎಂದು 1859ರಲ್ಲಿ ತೋರಿಸಿಕೊಟ್ಟವನು ಫ್ರಾನ್ಸಿನ ಭೌತವಿಜ್ಞಾನಿ ಗಾಸ್ಟನ್ ಪ್ಲಾಂಟೆ. 1881ರಲ್ಲಿ ಅದೇ ದೇಶದ ಕಮೀಲ್ ಫೋರ್ ಫಲಕಗಳಿಗೆ ಸೀಸದ ಸಂಯುಕ್ತದ ಲೇಪ ಹಚ್ಚುವ ವಿಧಾನವನ್ನು ಕಂಡುಹಿಡಿದ. ಇದರಿಂದ ಅಷ್ಟೇ ತೂಕದ ಬ್ಯಾಟರಿಯಲ್ಲಿ ಹೆಚ್ಚು ವಿದ್ಯುತ್ತು ಹಿಡಿಯುವಂತಾಯಿತು. ಇಂದಿಗೂ ಬಹುಪಾಲು ಕಾರುಗಳ ಬಾನೆಟ್ಟಿನಡಿ ಇರುವುದು ಇದೇ ವಂಶದ ಬ್ಯಾಟರಿ.

ಮೊದಮೊದಲು ಈ ಬ್ಯಾಟರಿ ಕಾರನ್ನು ಹೊರಡಿಸುವ ಸಾಧನವಾಗಿರಲಿಲ್ಲ, ಕಾರನ್ನೇ ಓಡಿಸುತ್ತಿತ್ತು. 1900ರಲ್ಲಿ ಅಮೆರಿಕದಲ್ಲಿ ತಯಾರಾದ 4,192 ಕಾರುಗಳ ಪೈಕಿ 1,575 ವಿದ್ಯುತ್ ಕಾರುಗಳಾಗಿದ್ದವು. ಪೆಟ್ರೋಲ್ ಕಾರುಗಳು 936 ಮಾತ್ರ. ಉಳಿದವು ಉಗಿಯಿಂದ ಓಡುವಂಥವು. ವಿದ್ಯುತ್ ಕಾರಿನ ಬ್ಯಾಟರಿಗಳು ನೂರಾರು ಕಿಲೋ ತೂಗುತ್ತಿದ್ದವು. ಆದರೂ ಜನ ಅದನ್ನು ಇಷ್ಟಪಡಲು ಒಂದು ಕಾರಣವಿತ್ತು. ಅದಕ್ಕೆ ಹ್ಯಾಂಡಲ್ ಹಾಕಬೇಕಾಗಿರಲಿಲ್ಲ.

ಪೆಟ್ರೋಲ್ ಎಂಜಿನ್ ತಾನಾಗಿ ಹೊರಡುವುದಿಲ್ಲ. ಯಾರಾದರೂ ಅದನ್ನು ಮೊದಲ ಕೆಲವು ಸುತ್ತು ತಿರುಗಿಸಬೇಕು. ಕಾರಿನ ಮುಂಭಾಗದಲ್ಲಿ ಕಬ್ಬಿಣದ ಹ್ಯಾಂಡಲ್ ತೂರಿಸಿ ತೋಳಿನ ಬಲದಿಂದ ತಿರುಗಿಸುವುದೇ ಆಗಿನ ಕ್ರಮ. ನಮ್ಮ ಹಳೆಯ ಬಸ್ಸು ಲಾರಿಗಳಿಗೆ ಬೆಳಗಿನ ಚಳಿಯಲ್ಲಿ ಕ್ಲೀನರ್ ಹ್ಯಾಂಡಲ್ ಹಾಕುತ್ತಿದ್ದುದನ್ನು ನೋಡಿದ ಹಿರಿಯರು ಇನ್ನೂ ಇದ್ದಾರೆ. ಕಿಡಿ ಹೊತ್ತುವ ಸಮಯ ಚೂರು ತಪ್ಪಿದರೂ ಎಂಜಿನ್ ಹಿಮ್ಮುಖವಾಗಿ ಒದೆಯುತ್ತಿತ್ತು. ಕೈಯಲ್ಲಿದ್ದ ಹ್ಯಾಂಡಲ್ ತಿರುಗಿ ಬಡಿದು ಮಣಿಕಟ್ಟು ಮುರಿಯುವುದು, ದವಡೆ ಒಡೆಯುವುದು ಸಾಮಾನ್ಯವಾಗಿತ್ತು. ಕ್ಯಾಡಿಲಾಕ್ ಕಂಪನಿಯ ಮುಖ್ಯಸ್ಥ ಹೆನ್ರಿ ಲೆಲೆಂಡನ ಗೆಳೆಯನೊಬ್ಬ ಇಂಥದೇ ಪೆಟ್ಟಿನಿಂದ ತೀರಿಕೊಂಡ, ಆ ದುಃಖದಲ್ಲಿ ಲೆಲೆಂಡ್ ‘ಹ್ಯಾಂಡಲ್ ಇಲ್ಲದ ಕಾರು ಬೇಕು’ ಎಂದು ಹಟ ಹಿಡಿದ ಎಂಬ ಕಥೆ ಮೋಟಾರು ಚರಿತ್ರೆಯಲ್ಲಿ ಬಹುಕಾಲದಿಂದ ಪ್ರಚಲಿತವಾಗಿದೆ.

ಹಣದ ಡ್ರಾಯರಿನಿಂದ ಬಂದ ಉಪಾಯ

ಆ ಕೆಲಸ ಚಾರ್ಲ್ಸ್ ಕೆಟರಿಂಗ್ ಎಂಬ ಎಂಜಿನಿಯರನ ಪಾಲಿಗೆ ಬಂತು. ಅಮೆರಿಕದ ಡೇಟನ್ ನಗರದ ನ್ಯಾಷನಲ್ ಕ್ಯಾಷ್ ರಿಜಿಸ್ಟರ್ ಕಂಪನಿಯಲ್ಲಿದ್ದಾಗ ಈತ ಅಂಗಡಿಗಳ ಹಣದ ಯಂತ್ರಕ್ಕೆ ವಿದ್ಯುತ್ ಮೋಟಾರು ಜೋಡಿಸಿದ್ದ. 1909ರಲ್ಲಿ ಎಡ್ವರ್ಡ್ ಡೀಡ್ಸ್ ಜೊತೆ ಸೇರಿ ‘ಡೆಲ್ಕೊ’ ಸಂಸ್ಥೆ ಕಟ್ಟಿದ. ಎಂಜಿನ್ ತಿರುಗಿಸಬಲ್ಲ ಮೋಟಾರು ಎಂಜಿನ್ನಿನಷ್ಟೇ ದೊಡ್ಡದಿರಬೇಕು, ಅದಕ್ಕೆ ತಕ್ಕ ಬ್ಯಾಟರಿ ಹೊರಲು ಇನ್ನೊಂದು ಗಾಡಿಯೇ ಬೇಕು ಎಂಬುದು ಆ ಕಾಲದ ತಜ್ಞರ ವಾದ. ಕೆಟರಿಂಗ್ ಹಣದ ಯಂತ್ರದಿಂದ ಬೇರೆಯೇ ಪಾಠ ಕಲಿತಿದ್ದ. ಡ್ರಾಯರ್ ತೆರೆಯುವ ಮೋಟಾರು ಇಡೀ ದಿನ ಓಡಬೇಕಾಗಿಲ್ಲ. ಒಂದು ಕ್ಷಣ ಜೋರಾಗಿ ಎಳೆದರೆ ಸಾಕು, ಆಮೇಲೆ ವಿಶ್ರಾಂತಿ. ಅಷ್ಟು ಹೊತ್ತಿಗೆ ಪುಟ್ಟ ಮೋಟಾರೂ ತನ್ನ ಶಕ್ತಿ ಮೀರಿ ದುಡಿಯಬಲ್ಲದು.

1911ರ ಫೆಬ್ರುವರಿಯಲ್ಲಿ ಅವನ ಯಂತ್ರವನ್ನು ಕ್ಯಾಡಿಲಾಕ್ ಕಾರಿಗೆ ಜೋಡಿಸಲಾಯಿತು. 1912ರ ಮಾದರಿಯ ಕಾರುಗಳಲ್ಲಿ ಅದು ಮಾರುಕಟ್ಟೆಗೆ ಬಂತು. ಎಂಜಿನ್ ಹೊರಟ ಮೇಲೆ ಅದೇ ಮೋಟಾರು ಡೈನಮೋ ಆಗಿ ಬ್ಯಾಟರಿಯನ್ನು ತುಂಬುತ್ತಿತ್ತು. 1919ರಲ್ಲಿ ಫೋರ್ಡ್ ಕಂಪನಿಯ ‘ಮಾಡೆಲ್ ಟಿ’ ಕಾರಿಗೂ ಸೆಲ್ಫ್ ಸ್ಟಾರ್ಟ್ ಬಂತು.

ಬ್ಯಾಟರಿಯ ಅಳತೆಗೂ ಈ ಆವಿಷ್ಕಾರಕ್ಕೂ ನೇರ ಸಂಬಂಧವಿದೆ. ಒಂದು ಸಣ್ಣ ಲೆಕ್ಕ ನೋಡಬಹುದು. ಎಂಜಿನ್ ತಿರುಗಿಸಲು 150 ಆಂಪಿಯರ್ ವಿದ್ಯುತ್ತು ಎರಡು ಸೆಕೆಂಡು ಹರಿಯಿತು ಎಂದಿಟ್ಟುಕೊಂಡರೆ ಖರ್ಚಾದದ್ದು ಒಂದು ಆಂಪಿಯರ್-ಗಂಟೆಯ ಹನ್ನೆರಡನೆಯ ಒಂದು ಭಾಗ. 35 ಆಂಪಿಯರ್-ಗಂಟೆಯ, ಅಂದರೆ ಅಂಗಡಿಯ ಭಾಷೆಯಲ್ಲಿ ‘35 ಎ.ಎಚ್.’ ಬ್ಯಾಟರಿಯಲ್ಲಿ ಅದು ನಾನೂರರಲ್ಲಿ ಒಂದು ಪಾಲೂ ಅಲ್ಲ. ಕಾರಿನ ಬ್ಯಾಟರಿ ನೀರಿನ ಟ್ಯಾಂಕಿನಂತೆ ನಿಧಾನವಾಗಿ ಖಾಲಿಯಾಗಲು ಮಾಡಿದ್ದಲ್ಲ. ಒಂದೇ ಉಸಿರಿಗೆ ಜೋರಾಗಿ ತಳ್ಳಿ, ಕಳೆದುಕೊಂಡಷ್ಟನ್ನು ಕೂಡಲೇ ತುಂಬಿಸಿಕೊಳ್ಳಲು ಮಾಡಿದ್ದು. ಅದಕ್ಕಾಗಿಯೇ ಅದರ ಒಳಗೆ ತೆಳುವಾದ ಫಲಕಗಳು ಹೆಚ್ಚು ಸಂಖ್ಯೆಯಲ್ಲಿರುತ್ತವೆ. ಮನೆಯ ಇನ್‌ವರ್ಟರ್ ಬ್ಯಾಟರಿಯಲ್ಲಿ ದಪ್ಪ ಫಲಕಗಳಿರುತ್ತವೆ. ಎರಡೂ 12 ವೋಲ್ಟಿನವೇ ಆದರೂ ಒಂದರ ಜಾಗದಲ್ಲಿ ಇನ್ನೊಂದನ್ನು ಬಳಸಬಾರದು ಎನ್ನುವುದು ಇದಕ್ಕೇ.

ಕಂಪನಿಗೊಂದು ಪೆಟ್ಟಿಗೆ

ಸೆಲ್ಫ್ ಸ್ಟಾರ್ಟ್ ಬಂದ ಮೇಲೆ ಪ್ರತಿ ಕಾರಿನಲ್ಲೂ ಬ್ಯಾಟರಿಗೊಂದು ಜಾಗ ಬೇಕಾಯಿತು. ಆದರೆ ಎಲ್ಲಿ? ಒಬ್ಬರು ಸೀಟಿನ ಕೆಳಗೆ, ಇನ್ನೊಬ್ಬರು ಕಾಲಿಡುವ ಹಲಗೆಯಡಿ, ಮತ್ತೊಬ್ಬರು ಬಾನೆಟ್ಟಿನೊಳಗೆ ಇಟ್ಟರು. ಜಾಗ ಹೇಗಿತ್ತೋ ಪೆಟ್ಟಿಗೆಯ ಆಕಾರವೂ ಹಾಗಾಯಿತು. ಎಂಜಿನಿಯರುಗಳು ಮೊದಲು ಕಾರನ್ನು ಬರೆದು, ಉಳಿದ ಮೂಲೆಯಲ್ಲಿ ಬ್ಯಾಟರಿಯನ್ನು ಕೂರಿಸುತ್ತಿದ್ದರು. ಬದಲಿ ಬ್ಯಾಟರಿ ಮಾರುವ ಅಂಗಡಿಗೆ ಇದು ದೊಡ್ಡ ತಲೆನೋವು.

ಇಂಥ ಗೊಂದಲ ಬ್ಯಾಟರಿಗೆ ಸೀಮಿತವಾಗಿರಲಿಲ್ಲ. 1905ರಲ್ಲಿ ಹುಟ್ಟಿದ ಅಮೆರಿಕದ ವಾಹನ ಎಂಜಿನಿಯರುಗಳ ಸಂಘ, ಅಂದರೆ ಎಸ್.ಎ.ಇ., 1910ರ ನಂತರ ಈ ಗೊಂದಲ ಬಿಡಿಸಲು ಹೊರಟಿತು. ಸುಮಾರು 1,600 ಬಗೆಯ ಉಕ್ಕಿನ ಕೊಳವೆಗಳಿದ್ದದ್ದು 210ಕ್ಕೆ, 800 ಬಗೆಯ ಲಾಕ್ ವಾಷರುಗಳಿದ್ದದ್ದು 16ಕ್ಕೆ ಇಳಿದವು. ದೊಡ್ಡ ಕಂಪನಿಗಳು ತಮ್ಮ ಬಿಡಿಭಾಗಗಳನ್ನು ತಾವೇ ಮಾಡಿಕೊಳ್ಳಬಲ್ಲವು. ಸಣ್ಣ ಕಂಪನಿಗಳಿಗೆ ಯಾರು ಮಾಡಿದರೂ ಹೊಂದುವ ಬಿಡಿಭಾಗ ಬೇಕಿತ್ತು. ಅಳತೆಗಳ ಏಕರೂಪತೆಗೆ ಒತ್ತಾಯ ಬಂದದ್ದು ಅಲ್ಲಿಂದ.

ಬ್ಯಾಟರಿ ತಯಾರಕರು 1924ರಲ್ಲಿ ತಮ್ಮದೇ ಸಂಘ ಕಟ್ಟಿಕೊಂಡರು. ಅದೇ ಮುಂದೆ ‘ಬ್ಯಾಟರಿ ಕೌನ್ಸಿಲ್ ಇಂಟರ್‌ನ್ಯಾಷನಲ್’ ಆಯಿತು. ಅಮೆರಿಕದಲ್ಲಿ ಇಂದಿಗೂ ಬ್ಯಾಟರಿಯನ್ನು ಈ ಸಂಘದ ‘ಗುಂಪಿನ ಸಂಖ್ಯೆ’ಯಿಂದ ಗುರುತಿಸುತ್ತಾರೆ: 24, 35, 51, 65 ಹೀಗೆ. ಸಂಖ್ಯೆ ದೊಡ್ಡದಾದರೆ ಬ್ಯಾಟರಿ ದೊಡ್ಡದು ಎಂದೇನಿಲ್ಲ. 35ರ ಪೆಟ್ಟಿಗೆಗಿಂತ 24ರ ಪೆಟ್ಟಿಗೆಯೇ ಉದ್ದ. ಸಂಖ್ಯೆಯ ಮುಂದೆ ‘ಆರ್’ ಇದ್ದರೆ ಪ್ಲಸ್ ಮೈನಸ್ ಸ್ಥಾನ ಅದಲುಬದಲಾಗಿದೆ ಎಂದರ್ಥ. ಜನರಲ್ ಮೋಟಾರ್ಸ್ ಕಂಪನಿ ತನ್ನ ಕಾರುಗಳ ಬ್ಯಾಟರಿಗೆ ಮೇಲಿನ ಬದಲು ಪಕ್ಕದಲ್ಲಿ ಟರ್ಮಿನಲ್ ಇಟ್ಟಾಗ ಸಂಖ್ಯೆಗಳು ಇನ್ನಷ್ಟು ಬೆಳೆದವು. ಕೊನೆಗೆ ಅಂಗಡಿಗಳ ಅನುಕೂಲಕ್ಕೆಂದು ಮೇಲೂ ಪಕ್ಕದಲ್ಲೂ ಟರ್ಮಿನಲ್ ಇರುವ ಜೋಡಿ ಬ್ಯಾಟರಿಗಳೇ ಬಂದವು.

ಆರರಿಂದ ಹನ್ನೆರಡಕ್ಕೆ

ಸೀಸದ ಬ್ಯಾಟರಿಯ ಒಂದು ಕೋಶ ಕೊಡುವುದು ಎರಡು ವೋಲ್ಟಿಗಿಂತ ತುಸು ಹೆಚ್ಚು. ಮೂರು ಕೋಶ ಸೇರಿಸಿದರೆ 6 ವೋಲ್ಟ್, ಆರು ಸೇರಿಸಿದರೆ 12. ಬಹುಕಾಲ ಅಮೆರಿಕದ ಕಾರುಗಳಲ್ಲಿ 6 ವೋಲ್ಟಿನ ಬ್ಯಾಟರಿಯೇ ರೂಢಿಯಲ್ಲಿತ್ತು. ಎರಡನೆಯ ಮಹಾಯುದ್ಧದ ನಂತರ ದೊಡ್ಡ ಎಂಟು ಸಿಲಿಂಡರ್ ಎಂಜಿನ್ನುಗಳು ಬಂದವು. ಅವುಗಳನ್ನು ತಿರುಗಿಸಲು ಹೆಚ್ಚು ಬಲ ಬೇಕು. ಅಷ್ಟೇ ಶಕ್ತಿಯನ್ನು 6 ವೋಲ್ಟಿನಲ್ಲಿ ಸಾಗಿಸಲು 12 ವೋಲ್ಟಿಗಿಂತ ಎರಡು ಪಟ್ಟು ಕರೆಂಟು ಹರಿಯಬೇಕು. ತಂತಿಯೂ ಅಷ್ಟು ದಪ್ಪವಿರಬೇಕು. 1950ರ ದಶಕದ ಮಧ್ಯದಲ್ಲಿ ಅಮೆರಿಕದ ಕಾರುಗಳು 12 ವೋಲ್ಟಿಗೆ ಬದಲಾದವು. ಜರ್ಮನಿಯ ಫೋಕ್ಸ್‌ವ್ಯಾಗನ್ ಬೀಟಲ್ 1960ರ ದಶಕದ ಉತ್ತರಾರ್ಧದವರೆಗೂ 6 ವೋಲ್ಟಿನಲ್ಲೇ ಓಡಿತು.

ಪ್ಲಸ್ ಮೈನಸ್ ವಿಷಯದಲ್ಲೂ ಒಮ್ಮತವಿರಲಿಲ್ಲ. ಈಗ ಎಲ್ಲ ಕಾರುಗಳಲ್ಲೂ ಮೈನಸ್ ತುದಿಯನ್ನು ಕಾರಿನ ಲೋಹದ ಮೈಗೆ ಜೋಡಿಸುತ್ತಾರೆ. ಬ್ರಿಟನ್ನಿನ ಅನೇಕ ಕಾರುಗಳಲ್ಲಿ 1960ರ ದಶಕದವರೆಗೆ ಪ್ಲಸ್ ತುದಿ ಮೈಗೆ ಸೇರುತ್ತಿತ್ತು. ಡಯೋಡುಗಳಿರುವ ಆಲ್ಟರ್ನೇಟರ್, ಟ್ರಾನ್ಸಿಸ್ಟರ್ ರೇಡಿಯೋಗಳು ಬಂದ ಮೇಲೆ ಉಲ್ಟಾ ಜೋಡಣೆ ದುಬಾರಿ ತಪ್ಪಾಯಿತು. ಟರ್ಮಿನಲ್ಲುಗಳಲ್ಲಿ ಪ್ಲಸ್ ಕಂಬವನ್ನು ಮೈನಸ್ಸಿಗಿಂತ ಸ್ವಲ್ಪ ದಪ್ಪವಾಗಿ ಮಾಡಿರುವುದು ಈ ತಪ್ಪನ್ನು ತಡೆಯಲೆಂದೇ. ಕ್ಲಾಂಪ್ ಕೂರದಿದ್ದರೆ ಬಡಿದು ಕೂರಿಸುವ ಮೊದಲು ಸರಿಯಾದ ತುದಿಯೇ ಎಂದು ನೋಡಿಕೊಳ್ಳಬೇಕು.

ಮೂರು ದೇಶ, ಮೂರು ಭಾಷೆ

ಅಮೆರಿಕದ ಸಂಖ್ಯೆಗಳು ಎಲ್ಲ ದೇಶಗಳಿಗೂ ಒಪ್ಪಿಗೆಯಾಗಲಿಲ್ಲ. ಜರ್ಮನಿ ತನ್ನ ‘ಡಿನ್’ ಮಾನಕವನ್ನೂ ಜಪಾನ್ ತನ್ನ ‘ಜಿಸ್’ ಮಾನಕವನ್ನೂ ರೂಪಿಸಿಕೊಂಡವು. ಭಾರತದ ಅಂಗಡಿಗಳಲ್ಲಿ ಇಂದು ಕೇಳಿಬರುವುದು ಮುಖ್ಯವಾಗಿ ಈ ಎರಡು ಭಾಷೆಗಳೇ.

ಜಪಾನಿನ ಸಂಕೇತವನ್ನು ಬಿಡಿಸಿ ಓದುವುದು ಕಷ್ಟವಲ್ಲ. ‘38ಬಿ20ಎಲ್’ ಎಂಬುದನ್ನೇ ತೆಗೆದುಕೊಳ್ಳಬಹುದು. 38 ಎಂಬುದು ಶಕ್ತಿಯ ದರ್ಜೆ. ಅದು ಆಂಪಿಯರ್-ಗಂಟೆಯಲ್ಲ, ಈ ಬ್ಯಾಟರಿಯ ಸಾಮರ್ಥ್ಯ ಸಾಮಾನ್ಯವಾಗಿ 35 ಎ.ಎಚ್. ‘ಬಿ’ ಎಂಬುದು ಅಗಲ ಮತ್ತು ಎತ್ತರದ ವರ್ಗ. ಬಿ ಎಂದರೆ ಸುಮಾರು 129 ಮಿಲಿಮೀಟರ್ ಅಗಲದ ಕಿರಿದಾದ ಪೆಟ್ಟಿಗೆ. ಡಿ ಎಂದಿದ್ದರೆ ಸುಮಾರು 173 ಮಿಲಿಮೀಟರ್. 20 ಎಂಬುದು ಉದ್ದ, ಸೆಂಟಿಮೀಟರಿನಲ್ಲಿ. ಕೊನೆಯ ಅಕ್ಷರ ಪ್ಲಸ್ ತುದಿ ಎಲ್ಲಿದೆ ಎಂದು ಹೇಳುತ್ತದೆ. ಎಲ್ ಎಂದರೆ ಎಡ, ಆರ್ ಎಂದರೆ ಬಲ. ಇಲ್ಲೇ ಬಹಳ ಜನ ಎಡವುವುದು. ಈ ಎಡ ಬಲವನ್ನು ಪೆಟ್ಟಿಗೆಯ ಉದ್ದನೆಯ ಬದಿಯಿಂದ ನೋಡುವುದಲ್ಲ, ಪ್ಲಸ್ ಇರುವ ಗಿಡ್ಡ ಬದಿಯಿಂದ ನೋಡಬೇಕು. ಎರಡು ಟರ್ಮಿನಲ್ಲುಗಳೂ ತಮ್ಮ ಹತ್ತಿರಕ್ಕಿರುವಂತೆ ಉದ್ದನೆಯ ಬದಿಯ ಮುಂದೆ ನಿಂತವರಿಗೆ ಎಲ್ ಬ್ಯಾಟರಿಯ ಪ್ಲಸ್ ತುದಿ ಬಲಗಡೆ ಕಾಣುತ್ತದೆ! ಇದಕ್ಕೂ ಹಿಂದಿನ ‘ಎನ್ಎಸ್60’ ಮುಂತಾದ ಹೆಸರುಗಳು ಇನ್ನೂ ಬಳಕೆಯಲ್ಲಿವೆ. ಎನ್ಎಸ್60 ಎಂದರೂ 46ಬಿ24 ಎಂದರೂ ಒಂದೇ ಪೆಟ್ಟಿಗೆ. ಸಂಕೇತದ ಕೊನೆಗೆ ‘ಎಸ್’ ಸೇರಿದ್ದರೆ ಟರ್ಮಿನಲ್ ಕಂಬಗಳು ದಪ್ಪ.

ಜರ್ಮನಿಯ ಕ್ರಮ ಬೇರೆ. ಅಲ್ಲಿ ಅಗಲ ಹೆಚ್ಚುಕಡಿಮೆ ಸ್ಥಿರ, 175 ಮಿಲಿಮೀಟರ್. ಎತ್ತರ 190 ಅಥವಾ 175. ಬದಲಾಗುವುದು ಉದ್ದ: 207, 242, 278 ಹೀಗೆ. ಯುರೋಪಿನಲ್ಲಿ ಒಂಬತ್ತು ಅಂಕಿಗಳ ಸಂಖ್ಯೆಯೂ ಇದೆ. ಮೊದಲ ಮೂರು ಅಂಕಿ 560 ಎಂದಿದ್ದರೆ 500 ಕಳೆಯಬೇಕು. ಅದು 12 ವೋಲ್ಟಿನ 60 ಎ.ಎಚ್. ಬ್ಯಾಟರಿ. ಕೊನೆಯ ಮೂರು ಅಂಕಿ 054 ಎಂದಿದ್ದರೆ ಹತ್ತರಿಂದ ಗುಣಿಸಬೇಕು. ಚಳಿಯಲ್ಲಿ ಎಂಜಿನ್ ಹೊರಡಿಸುವಾಗ ಅದು 540 ಆಂಪಿಯರ್ ಕೊಡಬಲ್ಲದು. ನಮ್ಮಲ್ಲಿ ಇದನ್ನೆಲ್ಲ ಬಿಟ್ಟು ‘ಡಿನ್ 50’, ‘ಡಿನ್ 60’ ಎಂದಷ್ಟೇ ಕರೆಯುವ ರೂಢಿ.

ಹೆಸರು ಬೇರೆಯಾದರೂ ಕೆಲವು ಪೆಟ್ಟಿಗೆಗಳು ಒಂದೇ ಎಂಬುದು ಸ್ವಾರಸ್ಯದ ಸಂಗತಿ. ಜಪಾನಿನ ಬಿ24 ಪೆಟ್ಟಿಗೆಗೆ ಅಮೆರಿಕದಲ್ಲಿ 51 ಎಂಬ ಸಂಖ್ಯೆ. ಯುರೋಪಿನ 242 ಮಿಲಿಮೀಟರ್ ಉದ್ದದ ಪೆಟ್ಟಿಗೆ ಅಲ್ಲಿ 47 ಆಗಿದೆ.

ಭಾರತಕ್ಕೆ ಬಂದ ದಾರಿ

ಇಂಗ್ಲೆಂಡಿನ ಕ್ಲೋರೈಡ್ ಕಂಪನಿ 1916ರಲ್ಲೇ ಭಾರತದಲ್ಲಿ ಬ್ಯಾಟರಿ ವ್ಯಾಪಾರ ಆರಂಭಿಸಿತ್ತು. ಬಂಗಾಳದ ಶ್ಯಾಮನಗರದಲ್ಲಿ 1946ರಲ್ಲಿ ಅದರ ಕಾರ್ಖಾನೆ ಆರಂಭವಾಯಿತು. 1947ರಲ್ಲಿ ಸ್ಥಾಪನೆಯಾದ ಭಾರತೀಯ ಕಂಪನಿಯೇ ಹಲವು ಹೆಸರು ಬದಲಿಸಿ 1995ರಲ್ಲಿ ಎಕ್ಸೈಡ್ ಇಂಡಸ್ಟ್ರೀಸ್ ಆಯಿತು. ಆಂಧ್ರಪ್ರದೇಶದ ತಿರುಪತಿಯಲ್ಲಿ 1985ರಲ್ಲಿ ಹುಟ್ಟಿದ ಅಮರ ರಾಜಾ ಸಂಸ್ಥೆ 2000ದಲ್ಲಿ ‘ಅಮರಾನ್’ ಹೆಸರಿನಲ್ಲಿ ಕಾರು ಬ್ಯಾಟರಿ ಮಾರುಕಟ್ಟೆಗೆ ಇಳಿಯಿತು.

ಅಂಬಾಸಡರ್, ಫಿಯೆಟ್, ಸ್ಟ್ಯಾಂಡರ್ಡ್ ಕಾರುಗಳ ಕಾಲದಲ್ಲಿ ಬದಲಿ ಬ್ಯಾಟರಿ ಆರಿಸುವುದು ದೊಡ್ಡ ಸಮಸ್ಯೆಯಾಗಿರಲಿಲ್ಲ. ಮಾದರಿಗಳೇ ಬೆರಳೆಣಿಕೆಯಷ್ಟು. ಬಾನೆಟ್ಟಿನೊಳಗೆ ಬೇಕಾದಷ್ಟು ಜಾಗವಿತ್ತು. ಒಂದಿಷ್ಟು ಹೆಚ್ಚುಕಡಿಮೆಯಾದರೆ ಮರದ ತುಂಡು, ರಬ್ಬರ್ ಪಟ್ಟಿ ತುರುಕಿ ಮೆಕ್ಯಾನಿಕ್ ಸರಿದೂಗಿಸುತ್ತಿದ್ದ. ‘ಹೇಗಾದರೂ ಕೂರಿಸಿದರಾಯಿತು’ ಎಂಬ ಅಭ್ಯಾಸಕ್ಕೆ ಆ ಕಾಲದ ವಿಶಾಲವಾದ ಬಾನೆಟ್ಟುಗಳೂ ಕಾರಣ.

1983ರ ಡಿಸೆಂಬರಿನಲ್ಲಿ ಮಾರುತಿ 800 ರಸ್ತೆಗಿಳಿಯಿತು. 796 ಸಿ.ಸಿ.ಯ ಮೂರು ಸಿಲಿಂಡರ್ ಎಂಜಿನ್, ಇಕ್ಕಟ್ಟಾದ ಬಾನೆಟ್, ಜಪಾನಿನ ವಿನ್ಯಾಸ. ಕಿರಿದಾದ ಜಪಾನೀ ಪೆಟ್ಟಿಗೆ ನಮ್ಮ ಊರುಗಳಿಗೂ ಬಂತು. 1999ರ ಕೊನೆಯಲ್ಲಿ ಬೆಂಗಳೂರಿನ ಸಮೀಪದ ಬಿಡದಿಯಲ್ಲಿ ಟೊಯೊಟಾ ಕ್ವಾಲಿಸ್ ತಯಾರಿಕೆ ಆರಂಭವಾಯಿತು. ಯುರೋಪಿನ ಕಂಪನಿಗಳು ಬಂದಂತೆ ಡಿನ್ ಪೆಟ್ಟಿಗೆಗಳ ಬಳಕೆ ಹೆಚ್ಚಿತು. ಹೀಗೆ ಹಲವು ದೇಶಗಳ ಮಾನಕಗಳು ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಮಾರುಕಟ್ಟೆಯಲ್ಲಿ ಅಕ್ಕಪಕ್ಕ ಕುಳಿತವು. ಒಂದೇ ಹೆಸರಿನ ಕಾರಿನ ಪೆಟ್ರೋಲ್ ಮಾದರಿಗೆ ಒಂದು, ಡೀಸೆಲ್ ಮಾದರಿಗೆ ಇನ್ನೊಂದು ಬ್ಯಾಟರಿ ಎಂಬ ಪರಿಸ್ಥಿತಿಯೂ ಬಂತು. ಡೀಸೆಲ್ ಎಂಜಿನ್ ಗಾಳಿಯನ್ನು ಹೆಚ್ಚು ಒತ್ತುವುದರಿಂದ ಅದನ್ನು ತಿರುಗಿಸಲು ಹೆಚ್ಚು ಕರೆಂಟು ಬೇಕು. ಅಂಗಡಿಯವರು ‘ಪೆಟ್ರೋಲೋ, ಡೀಸೆಲ್ಲೋ’ ಎಂದು ಕೇಳುವುದು ಅದಕ್ಕೆ.

ಪೆಟ್ಟಿಗೆಯ ಒಳಗಿನ ಅಳತೆ

ಹಿಂದೆ ಬ್ಯಾಟರಿಯ ಪೆಟ್ಟಿಗೆಯನ್ನು ಗಟ್ಟಿ ರಬ್ಬರಿನಿಂದ ಮಾಡಿ ಮೇಲ್ಭಾಗವನ್ನು ಡಾಂಬರಿನಂಥ ವಸ್ತುವಿನಿಂದ ಮುಚ್ಚುತ್ತಿದ್ದರು. ಗೋಡೆಗಳು ದಪ್ಪ, ತೂಕವೂ ಹೆಚ್ಚು. 1967ರಲ್ಲಿ ಅಮೆರಿಕದ ಸಿಯರ್ಸ್ ಮಳಿಗೆಗಳಲ್ಲಿ ಬಂದ ‘ಡೈಹಾರ್ಡ್’ ಬ್ಯಾಟರಿಗೆ ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್ಕಿನ ತೆಳು ಪೆಟ್ಟಿಗೆಯಿತ್ತು. ಹೊರಗಿನ ಅಳತೆ ಅಷ್ಟೇ, ಆದರೆ ಗೋಡೆ ತೆಳುವಾದ್ದರಿಂದ ಒಳಗೆ ಹೆಚ್ಚು ಫಲಕ, ಹೆಚ್ಚು ಆಮ್ಲ ಹಿಡಿಯಿತು. ಪೆಟ್ಟಿಗೆಯ ಗಾತ್ರವೇ ಬೇರೆ, ಶಕ್ತಿಯೇ ಬೇರೆ ಎಂಬುದು ಅಲ್ಲಿಂದ ಇನ್ನೂ ಸ್ಪಷ್ಟವಾಯಿತು. ಒಂದೇ ಅಳತೆಯ ಪೆಟ್ಟಿಗೆಯಲ್ಲಿ ಬೇರೆ ಬೇರೆ ಶಕ್ತಿಯ ಬ್ಯಾಟರಿಗಳಿರಬಹುದು.

ಶಕ್ತಿಯನ್ನು ಎರಡು ಬಗೆಯಲ್ಲಿ ಅಳೆಯುತ್ತಾರೆ. ಮೊದಲನೆಯದು ಎ.ಎಚ್. 35 ಎ.ಎಚ್. ಎಂದರೆ 1.75 ಆಂಪಿಯರಿನಂತೆ 20 ಗಂಟೆ ವಿದ್ಯುತ್ತು ಕೊಡಬಲ್ಲದು ಎಂದು ಅರ್ಥ. ಹೆಡ್‌ಲೈಟ್ ಆರಿಸದೆ ಹೋದರೆ ಎಷ್ಟು ಹೊತ್ತು ತಾಳೀತು ಎಂಬುದಕ್ಕೆ ಇದು ಉತ್ತರ. ಎರಡು ದೀಪಗಳು ಸುಮಾರು 9 ಆಂಪಿಯರ್ ಎಳೆದರೆ ಇಂಥ ಬ್ಯಾಟರಿ ನಾಲ್ಕು ಗಂಟೆಯೊಳಗೆ ಕೈಚೆಲ್ಲುತ್ತದೆ. ಎರಡನೆಯದು ಚಳಿಯಲ್ಲಿ ಎಂಜಿನ್ ಹೊರಡಿಸುವ ಶಕ್ತಿ, ಸಿ.ಸಿ.ಎ. ಅಮೆರಿಕದ ಕ್ರಮದಲ್ಲಿ ಬ್ಯಾಟರಿಯನ್ನು ಶೂನ್ಯಕ್ಕಿಂತ 18 ಡಿಗ್ರಿ ಸೆಲ್ಸಿಯಸ್ ಕೆಳಗೆ ತಣಿಸಿ, 30 ಸೆಕೆಂಡು ಕಾಲ ಎಷ್ಟು ಆಂಪಿಯರ್ ಕೊಡುತ್ತದೆ ಎಂದು ನೋಡುತ್ತಾರೆ.

ಹಿಮ ಬೀಳುವ ದೇಶಕ್ಕಾಗಿ ಹುಟ್ಟಿದ ಈ ಪರೀಕ್ಷೆಯ ಅಂಕಿ ರಾಯಚೂರು, ಕಲಬುರಗಿಯ ಗ್ರಾಹಕನಿಗೂ ಮುದ್ರಿತವಾಗಿಯೇ ಸಿಗುತ್ತದೆ. ಆದರೆ ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರುಗಳಲ್ಲಿ ಬ್ಯಾಟರಿಯ ಶತ್ರು ಚಳಿಯಲ್ಲ, ಸೆಕೆ. ಬಿಸಿ ಹೆಚ್ಚಿದಷ್ಟೂ ಫಲಕಗಳು ಬೇಗ ಸವೆಯುತ್ತವೆ, ನೀರು ಬೇಗ ಆವಿಯಾಗುತ್ತದೆ. ಇಂಥಲ್ಲಿ ಸಿ.ಸಿ.ಎ. ಅಂಕಿ ಕಾರು ಕಂಪನಿ ಹೇಳಿದ್ದಕ್ಕಿಂತ ಕಡಿಮೆಯಿರದಿದ್ದರೆ ಸಾಕು. ಅದನ್ನು ಇನ್ನೂ ಏರಿಸಲು ಹಣ ಸುರಿಯಬೇಕಾಗಿಲ್ಲ. ತಯಾರಾದ ತಿಂಗಳು ನೋಡಿ ಹೊಸ ಮಾಲು ಕೇಳುವುದು ಹೆಚ್ಚು ಲಾಭದಾಯಕ.

ತಪ್ಪು ಅಳತೆಯ ಬೆಲೆ

ಜಪಾನೀ ಪೆಟ್ಟಿಗೆಯ ಟರ್ಮಿನಲ್ಲುಗಳು ಮುಚ್ಚಳದ ಮೇಲೆ ಎದ್ದು ನಿಂತಿರುತ್ತವೆ. ಅವುಗಳನ್ನೂ ಸೇರಿಸಿದರೆ ಎತ್ತರ ಸುಮಾರು 225 ಮಿಲಿಮೀಟರ್. ಡಿನ್ ಪೆಟ್ಟಿಗೆಯ ಟರ್ಮಿನಲ್ಲುಗಳು ಮುಚ್ಚಳದ ಹಳ್ಳದಲ್ಲಿ ಕುಳಿತಿರುತ್ತವೆ. ಎತ್ತರ 190 ಮೀರದು. ಡಿನ್ ಪೆಟ್ಟಿಗೆಗೆಂದು ಮಾಡಿದ ಜಾಗದಲ್ಲಿ ಜಪಾನೀ ಪೆಟ್ಟಿಗೆ ಇಟ್ಟರೆ ಮೂರು ಸೆಂಟಿಮೀಟರಿಗೂ ಹೆಚ್ಚು ಎತ್ತರವಾಗುತ್ತದೆ. ಬಾನೆಟ್ ಮುಚ್ಚಿದಾಗ ಅದರ ಲೋಹದ ಹಾಳೆ ಪ್ಲಸ್ ಕಂಬವನ್ನು ಮುಟ್ಟಿದರೆ ಶಾರ್ಟ್ ಸರ್ಕ್ಯೂಟ್. ನೂರಾರು ಆಂಪಿಯರ್ ಒಮ್ಮೆಲೇ ಹರಿದು ಬೆಂಕಿ ಹೊತ್ತಿಕೊಳ್ಳಬಹುದು. ಮುಚ್ಚಿದಾಗ ಮುಟ್ಟದಿದ್ದರೂ ಹಳ್ಳದಲ್ಲಿ ಕಾರು ಎಗರಿದಾಗ ಮುಟ್ಟಬಹುದು.

ಹಿಡಿತದ ಕ್ರಮವೂ ಬೇರೆ. ಡಿನ್ ಪೆಟ್ಟಿಗೆಯನ್ನು ಅದರ ಬುಡದ ಅಂಚಿನಲ್ಲಿ ಬೋಲ್ಟ್ ಬಿಗಿದು ಹಿಡಿಸುತ್ತಾರೆ. ಜಪಾನೀ ಪೆಟ್ಟಿಗೆಗೆ ಮೇಲಿನಿಂದ ಪಟ್ಟಿ ಹಾಕುತ್ತಾರೆ. ಅಳತೆ ತಪ್ಪಿದರೆ ಎರಡೂ ಹಿಡಿಯುವುದಿಲ್ಲ. ಸಡಿಲವಾದ ಬ್ಯಾಟರಿ ನಮ್ಮ ರಸ್ತೆಗಳಲ್ಲಿ ದಿನವೂ ಕುಲುಕುತ್ತದೆ. ಫಲಕಗಳಿಗೆ ಹಚ್ಚಿದ ಲೇಪ ಉದುರಿ ತಳ ಸೇರುತ್ತದೆ, ಕೋಶ ಸಾಯುತ್ತದೆ. ಎರಡೇ ವರ್ಷಕ್ಕೆ ಹಾಳಾಯಿತೆಂದು ಬಯ್ಯುವ ಮೊದಲು ಕ್ಲಾಂಪ್ ಬಿಗಿಯಾಗಿದೆಯೇ ಎಂದು ನೋಡುವುದು ಒಳಿತು. ಎಲ್ ಬದಲು ಆರ್ ತಂದರೆ ಕೇಬಲ್ ತಲುಪುವುದಿಲ್ಲ. ಎಳೆದು ತಲುಪಿಸಿದರೆ ಅದು ಬಿಸಿ ಎಂಜಿನ್ನಿಗೋ ಚೂಪು ಅಂಚಿಗೋ ಉಜ್ಜಿ ಸಿಪ್ಪೆ ಸುಲಿಯುತ್ತದೆ.

ಹಾಗಾದರೆ ದೊಡ್ಡ ಬ್ಯಾಟರಿ ಹಾಕಿಸಬಾರದೆ? ‘ದೊಡ್ಡದು ಹಾಕಿದರೆ ಆಲ್ಟರ್ನೇಟರ್ ಸುಟ್ಟುಹೋಗುತ್ತದೆ’ ಎಂಬ ಮಾತಿನಲ್ಲಿ ಹೆಚ್ಚು ಹುರುಳಿಲ್ಲ. ಆಲ್ಟರ್ನೇಟರ್ ಸುಮಾರು 14 ವೋಲ್ಟಿನಲ್ಲಿ ನಿಯಂತ್ರಿತವಾಗಿ ತುಂಬುತ್ತದೆ. ಒಂದು ದರ್ಜೆ ಹೆಚ್ಚಿನ ಬ್ಯಾಟರಿ ಅದೇ ಅಳತೆಯ ಪೆಟ್ಟಿಗೆಯಲ್ಲಿ ಸಿಕ್ಕರೆ ಹಾನಿಯಿಲ್ಲ. ಆದರೆ ಲಾಭವೂ ಎಲ್ಲರಿಗೂ ಇಲ್ಲ. ಎಂಜಿನ್ ಹೊರಡಿಸಲು ಖರ್ಚಾಗುವುದು ಎಷ್ಟು ಕಡಿಮೆ ಎಂಬುದನ್ನು ಹಿಂದಿನ ಲೆಕ್ಕದಲ್ಲಿ ನೋಡಿದ್ದಾಗಿದೆ. ದಿನಕ್ಕೆ ಎರಡು ಮೂರು ಕಿಲೋಮೀಟರ್ ಮಾತ್ರ ಓಡುವ ಕಾರಿನಲ್ಲಿ ಬ್ಯಾಟರಿ ಸಾಯುವುದು ಸಣ್ಣದೆಂದಲ್ಲ, ಪೂರ್ತಿ ತುಂಬುವಷ್ಟು ಓಡುವುದಿಲ್ಲವೆಂದು. ಅಂಥ ಕಾರಿಗೆ ದೊಡ್ಡ ಬ್ಯಾಟರಿ ಹಾಕಿದರೂ ಅದು ಅರೆಹೊಟ್ಟೆಯಲ್ಲೇ ಇರುತ್ತದೆ.

ಹೊಸ ಕಾರುಗಳಲ್ಲಿ ಇನ್ನೊಂದು ಎಚ್ಚರ ಬೇಕು. ಸಿಗ್ನಲ್ಲಿನಲ್ಲಿ ತಾನಾಗಿ ನಿಂತು ಹೊರಡುವ ಎಂಜಿನ್ನುಗಳಿಗೆ ‘ಇ.ಎಫ್.ಬಿ.’ ಅಥವಾ ‘ಎ.ಜಿ.ಎಂ.’ ಎಂಬ ವಿಶೇಷ ಬ್ಯಾಟರಿ ಬೇಕು. ದಿನಕ್ಕೆ ಹತ್ತಾರು ಬಾರಿ ಎಂಜಿನ್ ಹೊರಡಿಸುವುದನ್ನು ತಾಳಲು ಮಾಡಿದಂಥವು ಅವು. ಅಳತೆ ಹೊಂದಿತೆಂದು ಸಾಮಾನ್ಯ ಬ್ಯಾಟರಿ ಹಾಕಿದರೆ ಅದು ಬಹುಕಾಲ ಬಾಳುವುದಿಲ್ಲ.

ಹಳೆಯ ಬ್ಯಾಟರಿಯ ಗತಿ

ತಪ್ಪು ಆಯ್ಕೆಯ ಬೆಲೆ ತೆರುವವನು ಕಾರಿನ ಮಾಲೀಕ ಮಾತ್ರವಲ್ಲ. ಬ್ಯಾಟರಿಯ ತೂಕದ ಅರ್ಧಕ್ಕಿಂತ ಹೆಚ್ಚು ಪಾಲು ಸೀಸ. ಹಳೆಯ ಬ್ಯಾಟರಿಗೆ ಅಂಗಡಿಯಲ್ಲಿ ಬೆಲೆ ಕಟ್ಟುವುದು ಅದಕ್ಕಾಗಿಯೇ. ಅದನ್ನು ಕರಗಿಸಿ ಮತ್ತೆ ಹೊಸ ಬ್ಯಾಟರಿ ಮಾಡಬಹುದು. ಆದರೆ ಗುಜರಿಯವರ ಹಿತ್ತಲಲ್ಲಿ ಕೊಡಲಿಯಿಂದ ಒಡೆದು, ಆಮ್ಲವನ್ನು ಚರಂಡಿಗೆ ಸುರಿದು, ಬಯಲಲ್ಲಿ ಸೀಸ ಕರಗಿಸಿದರೆ ಹೊಗೆ ಮತ್ತು ದೂಳಿನ ಮೂಲಕ ವಿಷ ಸುತ್ತಲಿನವರ ಮೈ ಸೇರುತ್ತದೆ. ಮಕ್ಕಳ ಮೆದುಳಿನ ಬೆಳವಣಿಗೆಗೆ ಸೀಸ ಮಾಡುವ ಹಾನಿ ಸರಿಪಡಿಸಲಾಗದ್ದು. ಹಳೆಯ ಬ್ಯಾಟರಿಯನ್ನು ಮಾರಾಟಗಾರರೇ ಹಿಂದಕ್ಕೆ ಪಡೆಯಬೇಕೆಂದು ಭಾರತ ಸರ್ಕಾರ 2001ರಲ್ಲಿ ನಿಯಮ ಮಾಡಿತು. 2022ರ ಹೊಸ ನಿಯಮಗಳು ಆ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ಐದು ವರ್ಷ ಬಾಳಬೇಕಾದ ಬ್ಯಾಟರಿ ತಪ್ಪು ಅಳತೆಯಿಂದ ಎರಡೇ ವರ್ಷಕ್ಕೆ ಸತ್ತರೆ, ಕರಗಿಸಬೇಕಾದ ಸೀಸದ ಪ್ರಮಾಣವೂ ಅಷ್ಟೇ ಹೆಚ್ಚುತ್ತದೆ.

ವಿದ್ಯುತ್ ಕಾರುಗಳು ಮತ್ತೆ ಬಂದಿವೆ. ಅವುಗಳಲ್ಲಿ ದೊಡ್ಡ ಲಿಥಿಯಂ ಬ್ಯಾಟರಿಯ ಜೊತೆಗೆ ದೀಪ, ಬೀಗ, ಕಂಪ್ಯೂಟರುಗಳಿಗೆಂದು ಹೆಚ್ಚಿನವುಗಳಲ್ಲಿ ಹಳೆಯ 12 ವೋಲ್ಟಿನ ಪೆಟ್ಟಿಗೆಯೂ ಇದೆ. ಆ ಸಣ್ಣ ಪೆಟ್ಟಿಗೆ ಸತ್ತರೆ ದೊಡ್ಡ ಬ್ಯಾಟರಿ ತುಂಬಿದ್ದರೂ ಕಾರು ಹೊರಡುವುದಿಲ್ಲ. ಆದ್ದರಿಂದ ಅಂಗಡಿಯ ಗೋಡೆಯ ಪಟ್ಟಿ ಇನ್ನೂ ಬಹುಕಾಲ ಅಲ್ಲೇ ಇರುತ್ತದೆ. ಬ್ಯಾಟರಿ ಬದಲಿಸುವವರು ಹಳೆಯದನ್ನು ಕೊಟ್ಟುಬಿಡುವ ಮೊದಲು ಅದರ ಮೇಲಿನ ಸಂಕೇತವನ್ನು ಕಾಗದದ ಮೇಲೆ ಬರೆದುಕೊಳ್ಳಲಿ. ಕಾರಿನ ಜೊತೆ ಬಂದ ಕೈಪಿಡಿಯಲ್ಲಿರುವ ಸಂಕೇತದೊಡನೆ ಅದನ್ನು ಹೋಲಿಸಲಿ. ಹಿಂದಿನ ಬಾರಿ ಯಾರಾದರೂ ತಪ್ಪು ಅಳತೆಯದನ್ನು ಕೂರಿಸಿದ್ದರೆ ಆಗಲೇ ಗೊತ್ತಾಗುತ್ತದೆ. ಹೊಸದನ್ನು ಕೂರಿಸಿದ ಮೇಲೆ ಕ್ಲಾಂಪ್ ಹಿಡಿದು ಅಲುಗಿಸಿ, ಬಾನೆಟ್ ಮುಚ್ಚುವ ಮೊದಲು ಪ್ಲಸ್ ಕಂಬದ ಮೇಲೆ ಎಷ್ಟು ಜಾಗವಿದೆ ಎಂದು ನೋಡಲು ಐದು ನಿಮಿಷ ಸಾಕು.